ಬ್ಯಾಂಕಾಕ್‌ಗೆ ಮೊದಲ ಸಲ ಕೆಲಸದ ಮೇಲೆ ಹೋಗುತ್ತಿದ್ದೀರಾ? ಟಿಕೆಟ್‌ನಿಂದ ವಾಪಸ್ ಬರುವವರೆಗಿನ ಮಾರ್ಗದರ್ಶಿ

"ಆಫೀಸಿನಿಂದ ಬ್ಯಾಂಕಾಕ್‌ಗೆ ಕಳಿಸ್ತಿದ್ದಾರೆ" ಅಂದ ತಕ್ಷಣ ಗೆಳೆಯರು ಒಂಥರಾ ನಗುತ್ತಾರೆ. ನಗಲಿ ಬಿಡಿ. ಪೀಣ್ಯದಿಂದ ಮಷೀನ್ ಬಿಡಿಭಾಗ ಮಾರಲು ಹೋಗುವವರು, ವೈಟ್‌ಫೀಲ್ಡಿನಿಂದ ಕ್ಲೈಂಟ್ ನೋಡಲು ಹೋಗುವವರು, ಚಿಕ್ಕಪೇಟೆಯಿಂದ ಬಟ್ಟೆ ಖರೀದಿಗೆ ಹೋಗುವವರು, ಎಲ್ಲರೂ ಅಲ್ಲಿ ಹಗಲೆಲ್ಲ ಓಡಾಡಿ ರಾತ್ರಿ ಹೋಟೆಲ್ ರೂಮಿನಲ್ಲಿ ನಾಳೆಯ ಪ್ರೆಸೆಂಟೇಷನ್ ತಿದ್ದುತ್ತಾ ಕೂರುವವರೇ.

ಊರು ಕಷ್ಟದ್ದಲ್ಲ. ಬೆಂಗಳೂರಿನಿಂದ ನೇರ ವಿಮಾನ ಇದೆ, ಹೆಚ್ಚು ಕಡಿಮೆ ನಾಲ್ಕು ಗಂಟೆಯ ಹಾದಿ. ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ, ಅಷ್ಟೇ. ಆದರೂ ಮೊದಲ ಸಲ ಹೋದವರಲ್ಲಿ ಬಹಳ ಜನ ಸುಸ್ತಾಗಿ, ಕೈಯಲ್ಲಿ ಏನೂ ಗಟ್ಟಿಯಾದದ್ದು ಇಲ್ಲದೆ ಬರುತ್ತಾರೆ. ನನ್ನ ಪ್ರಕಾರ ಅದಕ್ಕೆ ಎರಡೇ ಕಾರಣ. ಮ್ಯಾಪ್‌ನಲ್ಲಿ ಹತ್ತಿರ ಕಾಣುತ್ತೆ ಅಂತ ದಿನಕ್ಕೆ ನಾಲ್ಕು ಮೀಟಿಂಗ್ ಇಟ್ಟುಕೊಳ್ಳುತ್ತಾರೆ. ಎದುರಿಗೆ ಕೂತವರು ನಕ್ಕು "ಯೆಸ್ ಯೆಸ್" ಅಂದಿದ್ದನ್ನು ಒಪ್ಪಿಗೆ ಅಂದುಕೊಳ್ಳುತ್ತಾರೆ. ಮುಂದೆ ಬರೆದಿರುವುದರಲ್ಲಿ ಜಾಸ್ತಿ ಪಾಲು ಈ ಎರಡು ತೊಂದರೆ ಬರದ ಹಾಗೆ ನೋಡಿಕೊಳ್ಳುವುದಕ್ಕೇ.

1. ಟಿಕೆಟ್‌ಗೆ ಮುಂಚೆ: ಅಲ್ಲಿ ಹೋಗಿ ಏನು ಮಾಡುತ್ತೀರಿ?

ಇದು ಸುಮ್ನೆ ಕೇಳುವ ಪ್ರಶ್ನೆಯಲ್ಲ. ನಿಮಗೆ ಯಾವ ಕಾಗದ ಬೇಕು ಅನ್ನುವುದು ಇದರ ಮೇಲೆ ನಿಂತಿದೆ.

ಮೀಟಿಂಗ್, ಮಾತುಕತೆ, ವಸ್ತುಪ್ರದರ್ಶನ ನೋಡುವುದು, ಇವು ಒಂದು ಕಡೆ. 2024ರ ಜುಲೈನಲ್ಲಿ ಥಾಯ್ಲೆಂಡ್ ಭಾರತದ ಪಾಸ್‌ಪೋರ್ಟ್ ಇರುವವರಿಗೆ 60 ದಿನದ ವೀಸಾ ವಿನಾಯಿತಿ ಕೊಟ್ಟಿತು. ಪ್ರವಾಸದ ಜೊತೆಗೆ ಇಂಥ ಚಿಕ್ಕ ವ್ಯವಹಾರದ ಭೇಟಿಯನ್ನೂ ಅದರಲ್ಲೇ ಸೇರಿಸಿತು. ಆದರೆ ಈ ನಿಯಮವನ್ನು ಅವರು ಆಗಾಗ ಬದಲಿಸುತ್ತಿರುತ್ತಾರೆ. ಹೋದ ವರ್ಷ ಹೋಗಿಬಂದ ಸಹೋದ್ಯೋಗಿಯ ಮಾತು ಕೇಳಿ ಟಿಕೆಟ್ ಮಾಡಬೇಡಿ. ಥಾಯ್ ರಾಯಭಾರ ಕಚೇರಿಯ ಸೈಟಿನಲ್ಲಿ ಆ ವಾರ ಏನಿದೆಯೋ ಅದನ್ನೇ ನೋಡಿ.

ಕೈಗೆ ಸ್ಪ್ಯಾನರ್ ತಗೊಂಡು ಮಷೀನ್ ಕೂರಿಸುವುದು, ರಿಪೇರಿ ಮಾಡುವುದು, ಅಲ್ಲಿನ ಆಫೀಸಿನಲ್ಲಿ ಕೂತು ಕೆಲಸ ಮಾಡುವುದು ಬೇರೆ ಕಡೆ. ಅದು ಥಾಯ್ ಕಾನೂನಿನ ಪ್ರಕಾರ "ಕೆಲಸ". ಅದಕ್ಕೆ ವರ್ಕ್ ಪರ್ಮಿಟ್ ಬೇಕು. ತುರ್ತು ಕೆಲಸ, 15 ದಿನದೊಳಗೆ ಮುಗಿಯುತ್ತೆ ಅನ್ನುವುದಾದರೆ ಮೊದಲೇ ಕಾರ್ಮಿಕ ಇಲಾಖೆಗೆ ತಿಳಿಸಿ ಮಾಡುವ ದಾರಿಯೂ ಇದೆ. ಅದನ್ನು ಅಲ್ಲಿನ ಕಂಪನಿಯವರೇ ಮಾಡಿಸಬೇಕು. "ಎರಡೇ ದಿನ ತಾನೇ, ಯಾರು ಕೇಳ್ತಾರೆ" ಅನ್ನುವ ಮ್ಯಾನೇಜರ್‌ಗಳಿಗೆ ನಮ್ಮಲ್ಲಿ ಕಡಿಮೆ ಇಲ್ಲ. ಕೇಳಿದಾಗ ಇಮಿಗ್ರೇಷನ್ ಕೌಂಟರ್ ಮುಂದೆ ನಿಲ್ಲುವವರು ನೀವು, ಅವರಲ್ಲ. ಬರವಣಿಗೆಯಲ್ಲಿ ಕೇಳಿ ಉತ್ತರ ತಗೊಳ್ಳಿ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮನ್ನು ಕಳಿಸುತ್ತಿರುವುದು ನಿಮ್ಮದೇ ಕಂಪನಿ ಅಲ್ಲ, ಟೆಲಿಗ್ರಾಮ್‌ನಲ್ಲೋ ವಾಟ್ಸಾಪ್‌ನಲ್ಲೋ ಪರಿಚಯವಾದ ಏಜೆಂಟ್ "ಬ್ಯಾಂಕಾಕ್‌ನಲ್ಲಿ ಡೇಟಾ ಎಂಟ್ರಿ, ಡಿಜಿಟಲ್ ಮಾರ್ಕೆಟಿಂಗ್, ಟಿಕೆಟ್ ನಾವೇ ಕೊಡ್ತೀವಿ" ಅಂತಿದ್ದಾರೆ ಅಂದರೆ ಹೋಗಬೇಡಿ. ಹೀಗೆ ಹೋದ ಎಷ್ಟೋ ಹುಡುಗರನ್ನು ಏರ್‌ಪೋರ್ಟಿನಿಂದಲೇ ಕಾರಿನಲ್ಲಿ ಮೇ ಸೋಟ್ ಗಡಿಗೆ ಕರೆದೊಯ್ದು, ನದಿ ದಾಟಿಸಿ, ಮ್ಯಾನ್ಮಾರ್‌ನ ಮ್ಯಾವಡಿ ಕಡೆಯ ಆನ್‌ಲೈನ್ ವಂಚನೆ ಅಡ್ಡೆಗಳಿಗೆ ದಬ್ಬಿದ್ದಾರೆ. ಭಾರತ ಸರ್ಕಾರ 2022ರಲ್ಲೇ ಎಚ್ಚರಿಕೆ ಕೊಟ್ಟಿತ್ತು. 2025ರಲ್ಲಿ ಅಲ್ಲಿಂದ ಬಿಡಿಸಿಕೊಂಡವರನ್ನು ವಾಯುಪಡೆಯ ವಿಮಾನದಲ್ಲಿ ಕರೆತರಬೇಕಾಯಿತು.

2. ತಾರೀಖು ಆರಿಸುವುದು

ಏಪ್ರಿಲ್ 13ರಿಂದ 15 ಸೋಂಗ್‌ಕ್ರಾನ್, ಥಾಯ್ ಹೊಸ ವರ್ಷ. ಬೀದಿ ತುಂಬಾ ನೀರಾಟ. ಆ ವಾರ ಯಾರೂ ಕೈಗೆ ಸಿಗುವುದಿಲ್ಲ, ಅರ್ಧ ಊರು ಹಳ್ಳಿಗೆ ಹೋಗಿರುತ್ತೆ. ವ್ಯಾಪಾರದಲ್ಲಿ ಚೀನೀ ಮೂಲದ ಮನೆತನಗಳು ಬಹಳ ಇರುವುದರಿಂದ ಚೀನೀ ಹೊಸ ವರ್ಷದ ದಿನಗಳನ್ನೂ ನೋಡಿಕೊಳ್ಳಿ.

ಪ್ರದರ್ಶನಕ್ಕೇ ಹೋಗುವುದಾದರೆ ತಾರೀಖು ಅವರದ್ದೇ. ಆಹಾರ ವ್ಯಾಪಾರದ ಥಾಯ್‌ಫೆಕ್ಸ್ ಮೇ ಕೊನೆಯ ಹೊತ್ತಿಗೆ ಇಂಪ್ಯಾಕ್ಟ್ ಮುವಾಂಗ್ ಥೋಂಗ್ ಥಾನಿ ಪ್ರದರ್ಶನ ಕೇಂದ್ರದಲ್ಲಿ. ಪ್ಯಾಕಿಂಗ್ ಯಂತ್ರಗಳ ಪ್ರೊಪ್ಯಾಕ್ ಜೂನ್‌ನಲ್ಲಿ, ಲೋಹ ಕೆಲಸದ ಮೆಟಾಲೆಕ್ಸ್ ನವೆಂಬರ್‌ನಲ್ಲಿ, ಎರಡೂ ಬಾಂಗ್ ನಾದ ಬೈಟೆಕ್ ಪ್ರದರ್ಶನ ಕೇಂದ್ರದಲ್ಲಿ. ಈ ದಿನಗಳಲ್ಲಿ ಹತ್ತಿರದ ಹೋಟೆಲ್ ರೇಟು ಏರುತ್ತೆ.

ಮೇ ಮಧ್ಯದಿಂದ ಅಕ್ಟೋಬರ್‌ವರೆಗೆ ಮಳೆ. ಸಂಜೆ ಹೊತ್ತಿಗೆ ಜೋರಾಗಿ ಹೊಡೆಯುತ್ತೆ, ಆಗ ರಸ್ತೆ ನಿಂತೇ ಹೋಗುತ್ತೆ. ಸಿಲ್ಕ್ ಬೋರ್ಡ್ ನೋಡಿದ ನಮಗೆ ಇದೇನು ಹೊಸದಲ್ಲ ಅಲ್ವಾ, ಆದರೆ ಅಲ್ಲಿ ಪಾರಾಗುವ ದಾರಿ ಇದೆ. ಅದು ಮುಂದಿನ ಹಂತ.

3. ಹೋಟೆಲ್: ಸ್ಟಾರ್ ನೋಡಬೇಡಿ, ಸ್ಟೇಷನ್ ನೋಡಿ

ಇಡೀ ಪ್ರವಾಸದಲ್ಲಿ ಒಂದೇ ನಿರ್ಧಾರ ಸರಿಯಾಗಿ ಮಾಡುತ್ತೇನೆ ಅನ್ನುವುದಾದರೆ ಇದನ್ನು ಮಾಡಿ. ಹೋಟೆಲ್ ಬಿಟಿಎಸ್ ಅಥವಾ ಎಂಆರ್‌ಟಿ ಸ್ಟೇಷನ್‌ನಿಂದ ಐದು ನಿಮಿಷ ನಡೆಯುವಷ್ಟು ದೂರದಲ್ಲಿರಲಿ.

ಬಿಟಿಎಸ್ ಅಂದರೆ ಮೇಲ್ಸೇತುವೆಯ ರೈಲು. 1999ರ ಡಿಸೆಂಬರ್‌ನಲ್ಲಿ ಶುರುವಾಯಿತು. ಸುಖುಮ್‌ವಿತ್ ಮತ್ತು ಸಿಲೋಮ್ ಅನ್ನುವ ಎರಡು ಮುಖ್ಯ ಮಾರ್ಗ, ಎರಡೂ ಸಿಯಾಮ್ ಸ್ಟೇಷನ್‌ನಲ್ಲಿ ಕೂಡುತ್ತವೆ. ಎಂಆರ್‌ಟಿ ಬ್ಲೂ ಲೈನ್ ಊರಿನ ನಡುಭಾಗದಲ್ಲಿ ನೆಲದಡಿಯಲ್ಲಿ ಓಡುತ್ತದೆ, 2004ರದ್ದು. ಇವೆರಡು ಸೇರುವ ಜಾಗಗಳೇ ನಿಮಗೆ ಬೇಕಾದವು. ಬಿಟಿಎಸ್‌ನ ಅಸೋಕ್ ಮತ್ತು ಎಂಆರ್‌ಟಿಯ ಸುಖುಮ್‌ವಿತ್ ಒಂದೇ ಕಡೆ. ಬಿಟಿಎಸ್‌ನ ಸಾಲಾ ಡೇಂಗ್ ಮತ್ತು ಎಂಆರ್‌ಟಿಯ ಸಿಲೋಮ್ ಒಂದೇ ಕಡೆ.

ಮೊದಲು ನಿಮ್ಮ ಮೀಟಿಂಗ್‌ಗಳ ವಿಳಾಸವನ್ನೆಲ್ಲ ಮ್ಯಾಪ್‌ನಲ್ಲಿ ಗುರುತು ಹಾಕಿ. ಬ್ಯಾಂಕು, ಹಣಕಾಸು, ವಕೀಲರ ಕಚೇರಿಗಳು ಜಾಸ್ತಿ ಸಿಲೋಮ್–ಸಾಥೋರ್ನ್ ಕಡೆ. ಒಡವೆ, ಹರಳಿನ ವ್ಯಾಪಾರವೂ ಸಿಲೋಮ್‌ನ ಕೆಳಭಾಗದಲ್ಲೇ. ಹೊಸ ಕಾರ್ಪೊರೇಟ್ ಕಟ್ಟಡಗಳು ಅಸೋಕ್, ಪ್ಲೋನ್‌ಚಿತ್, ರಾಮಾ 9 ಕಡೆ. ಕ್ವೀನ್ ಸಿರಿಕಿತ್ ಸಮಾವೇಶ ಕೇಂದ್ರಕ್ಕೆ ತನ್ನದೇ ಎಂಆರ್‌ಟಿ ಸ್ಟೇಷನ್ ಇದೆ, ಅಸೋಕ್ ಕಡೆಯಿಂದ ಒಂದೇ ಸ್ಟಾಪು. ಬೈಟೆಕ್‌ಗೆ ಬಿಟಿಎಸ್ ಬಾಂಗ್ ನಾ ಸ್ಟೇಷನ್‌ನಿಂದ ನೆರಳಿನಲ್ಲೇ ನಡೆದು ಹೋಗಬಹುದು. ಇಂಪ್ಯಾಕ್ಟ್ ಮಾತ್ರ ಊರಾಚೆ. ಅಲ್ಲಿಗೆ ಈಗ ಪಿಂಕ್ ಲೈನ್ ರೈಲಿನ ಕವಲು ಬಂದಿದೆ, ಆದರೂ ಪ್ರದರ್ಶನಕ್ಕೆ ಎರಡು ಮೂರು ದಿನ ಹೋಗುವುದಾದರೆ ಅಲ್ಲೇ ಹತ್ತಿರ ಉಳಿಯುವುದು ವಾಸಿ.

ಎಲ್ಲ ಕಡೆ ಓಡಾಡಬೇಕು, ಯಾವುದೂ ಗೊತ್ತಾಗುತ್ತಿಲ್ಲ ಅಂದರೆ ಅಸೋಕ್ ಹಿಡಿಯಿರಿ.

ವಿಳಾಸ ಓದುವುದನ್ನೂ ಕಲಿತುಕೊಳ್ಳಿ. ದೊಡ್ಡ ರಸ್ತೆಯಿಂದ ಒಳಹೋಗುವ ಅಡ್ಡರಸ್ತೆಗಳಿಗೆ ಸೊಯಿ ಅನ್ನುತ್ತಾರೆ. ಸುಖುಮ್‌ವಿತ್ ರಸ್ತೆಯಲ್ಲಿ ಬೆಸ ಸಂಖ್ಯೆಯ ಸೊಯಿಗಳು ಒಂದು ಬದಿ, ಸಮ ಸಂಖ್ಯೆಯವು ಇನ್ನೊಂದು ಬದಿ. ಆದರೆ ಎರಡೂ ಬದಿಯ ಲೆಕ್ಕ ಒಟ್ಟಿಗೆ ಸಾಗುವುದಿಲ್ಲ. ಸೊಯಿ 21ರ ಎದುರಿಗೆ 22 ಇರುತ್ತೆ ಅಂತ ರಸ್ತೆ ದಾಟಿದರೆ ಸಿಗುವುದು 16ರ ಆಸುಪಾಸು. 22ಕ್ಕೆ ಇನ್ನೂ ಸಾಕಷ್ಟು ನಡೆಯಬೇಕು, ಆ ಬಿಸಿಲಿನಲ್ಲಿ, ಟೈ ಕಟ್ಟಿಕೊಂಡು.

4. ಹೊರಡುವ ವಾರ

ಟಿಡಿಎಸಿ ಅನ್ನುವ ಡಿಜಿಟಲ್ ಆಗಮನ ಚೀಟಿ 2025ರ ಮೇ 1ರಿಂದ ಕಡ್ಡಾಯ. ಇಳಿಯುವ ದಿನಕ್ಕೆ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ದುಡ್ಡೇನೂ ಇಲ್ಲ. ಗೂಗಲ್ ಮಾಡಿದರೆ ಮೇಲೆ ಬರುವ ಕೆಲವು ಸೈಟ್‌ಗಳು ಡಾಲರ್ ಕೇಳುತ್ತವೆ, ಅವು ಸರ್ಕಾರದವಲ್ಲ. ವಿಳಾಸದ ಕೊನೆಯಲ್ಲಿ "ಗೋ ಡಾಟ್ ಟಿಎಚ್" ಇದೆಯಾ ನೋಡಿ ಮುಂದುವರಿಯಿರಿ. ಬರುವ ಕ್ಯೂಆರ್ ಕೋಡಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ನಮ್ಮ ಕಡೆಯವರಿಗೆ ಹೆಸರಿನದ್ದೊಂದು ತಕರಾರು ಇದ್ದೇ ಇರುತ್ತೆ. ಆಧಾರ್‌ನಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಅಪ್ಪನ ಹೆಸರು, ಊರಿನ ಹೆಸರು, ಆಫೀಸ್ ದಾಖಲೆಯಲ್ಲಿ ಮತ್ತೊಂದು. ಟಿಕೆಟ್, ಹೋಟೆಲ್, ಟಿಡಿಎಸಿ, ಆಮಂತ್ರಣ ಪತ್ರ, ಎಲ್ಲದರಲ್ಲೂ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇರಲಿ. ಟ್ರಾವೆಲ್ ಡೆಸ್ಕ್‌ನವರು ಮಾಡುತ್ತಾರೆ ಅಂತ ಬಿಡಬೇಡಿ, ಟಿಕೆಟ್ ಬಂದ ದಿನವೇ ಅಕ್ಷರ ಅಕ್ಷರ ನೋಡಿ. ಪಾಸ್‌ಪೋರ್ಟ್‌ಗೆ ಕಡೇಪಕ್ಷ ಆರು ತಿಂಗಳ ಅವಧಿ ಉಳಿದಿರಬೇಕು.

ಫೋನಿನಲ್ಲಿ ಲೈನ್ ಆ್ಯಪ್ ಹಾಕಿಕೊಂಡು ಇಲ್ಲಿಂದಲೇ ನೋಂದಾಯಿಸಿ. ಥಾಯ್ಲೆಂಡಿನಲ್ಲಿ ವಾಟ್ಸಾಪ್ ಬಳಸುವವರು ಕಡಿಮೆ, ವ್ಯವಹಾರದ ಮಾತೆಲ್ಲ ಲೈನ್‌ನಲ್ಲೇ. ಟ್ಯಾಕ್ಸಿ ಕರೆಸುವ ಗ್ರ್ಯಾಬ್, ಬೋಲ್ಟ್ ಆ್ಯಪ್‌ಗಳನ್ನೂ ಇಲ್ಲೇ ಹಾಕಿ ಕಾರ್ಡ್ ಸೇರಿಸಿ, ಓಟಿಪಿ ಬರುವ ಸಿಮ್ ಇಲ್ಲಿ ಸಲೀಸಾಗಿ ಕೆಲಸ ಮಾಡುತ್ತಲ್ಲ. ಬ್ಯಾಂಕ್ ಆ್ಯಪ್‌ಗೆ ಹೋಗಿ ಕಾರ್ಡಿನ ವಿದೇಶಿ ಬಳಕೆ, ಟ್ಯಾಪ್ ಮಾಡಿ ಕೊಡುವ ಸೌಲಭ್ಯ ಎರಡನ್ನೂ ಆನ್ ಮಾಡಿ. ಅಲ್ಲಿ ಎಲ್ಲ ಕಡೆ ಪ್ರಾಂಪ್ಟ್‌ಪೇ ಕ್ಯೂಆರ್ ಕಾಣುತ್ತೆ. ಅದನ್ನು ನೋಡಿ ನಮ್ಮ ಯುಪಿಐ ನಂಬಿಕೊಂಡು ಹೋಗಬೇಡಿ. ಫಾರೆಕ್ಸ್ ಕಾರ್ಡು, ಒಂದು ಕ್ರೆಡಿಟ್ ಕಾರ್ಡು, ಸ್ವಲ್ಪ ನೋಟು, ಮೂರೂ ಇರಲಿ.

ಬ್ಯಾಗಿಗೆ: ಅಲ್ಲಿನ ಪ್ಲಗ್ ಪಾಯಿಂಟಿಗೆ ನಮ್ಮ ಫೋನ್ ಚಾರ್ಜರಿನ ಎರಡು ದುಂಡು ಪಿನ್ ಸಾಮಾನ್ಯವಾಗಿ ಕೂರುತ್ತೆ. ಲ್ಯಾಪ್‌ಟಾಪಿನ ದಪ್ಪ ಮೂರು ಪಿನ್ ಕೂರಲ್ಲ, ಅಡಾಪ್ಟರ್ ಬೇಕು. ಕೋಟು ಅಥವಾ ಜಾಕೆಟ್ ಬೇಕೇ ಬೇಕು, ಚಳಿಗಲ್ಲ, ಮೀಟಿಂಗ್ ರೂಮಿನ ಎಸಿಗೆ. ಮಾತ್ರೆಗಳ ಜೊತೆ ಡಾಕ್ಟರ್ ಚೀಟಿ. ಇ-ಸಿಗರೇಟು ಬೇಡವೇ ಬೇಡ, ಅಲ್ಲಿ ಅದು ಕಾನೂನುಬಾಹಿರ.

ಸ್ಯಾಂಪಲ್ ಅಥವಾ ಪ್ರದರ್ಶನದ ಯಂತ್ರ ಒಯ್ಯುವವರು "ಎಟಿಎ ಕಾರ್ನೆ" ಮಾಡಿಸಿ. ಇದು ಸಾಮಾನನ್ನು ತಾತ್ಕಾಲಿಕವಾಗಿ, ಸುಂಕ ಕಟ್ಟದೆ ಒಯ್ದು ವಾಪಸ್ ತರಲು ಇರುವ ಪತ್ರ. ನಮ್ಮಲ್ಲಿ ವಾಣಿಜ್ಯೋದ್ಯಮಗಳ ಒಕ್ಕೂಟವಾದ ಫಿಕ್ಕಿ ಕೊಡುತ್ತದೆ, ಥಾಯ್ಲೆಂಡ್ ಒಪ್ಪುತ್ತದೆ. ಲಕ್ಷಗಟ್ಟಲೆಯ ಸಾಮಾನನ್ನು "ಪರ್ಸನಲ್ ಐಟಂ" ಅಂತ ಸೂಟ್‌ಕೇಸಿನಲ್ಲಿ ತುರುಕಿ ಒಯ್ಯುವ ಚಾಳಿ ಬಿಟ್ಟುಬಿಡಿ.

ಉಡುಗೊರೆ ಒಯ್ಯಿರಿ, ಸಣ್ಣದು. ಮೈಸೂರ್ ಸ್ಯಾಂಡಲ್ ಸೋಪಿನ ಒಳ್ಳೆ ಪ್ಯಾಕು, ಚಿಕ್ಕಮಗಳೂರಿನ ಕಾಫಿ ಪುಡಿ, ಚನ್ನಪಟ್ಟಣದ ಗೊಂಬೆ. ಕೊಟ್ಟಾಗ ಅವರು ಎದುರಿಗೇ ಬಿಚ್ಚಿ ನೋಡದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ಅದು ಅಲ್ಲಿನ ಮರ್ಯಾದೆ.

5. ಇಳಿದ ಮೇಲೆ

ಬೆಂಗಳೂರಿನ ವಿಮಾನಗಳಲ್ಲಿ ಹಲವು ರಾತ್ರಿ ಹೊರಟು ಬೆಳಗಿನ ಜಾವ ತಲುಪುತ್ತವೆ. ಆ ದಿನ ಬೆಳಿಗ್ಗೆ ಮೀಟಿಂಗ್ ಇಡಬೇಡಿ. ಹೋಟೆಲ್ ರೂಮು ಮಧ್ಯಾಹ್ನವೇ ಕೊಡುವುದು. ಬೇಗ ಬೇಕಾದರೆ ಮೊದಲೇ ಬರೆದು ಕೇಳಿ.

ಟಿಕೆಟ್‌ನಲ್ಲಿ ಯಾವ ಏರ್‌ಪೋರ್ಟ್ ಅಂತ ನೋಡಿಕೊಳ್ಳಿ. ಸುವರ್ಣಭೂಮಿ ದೊಡ್ಡದು, ಪೂರ್ವಕ್ಕಿದೆ. ಡಾನ್ ಮುವಾಂಗ್ ಹಳೆಯದು, ಉತ್ತರಕ್ಕಿದೆ, ಥಾಯ್ ಏರ್‌ಏಷ್ಯಾದಂಥ ಅಗ್ಗದ ವಿಮಾನಗಳು ಅಲ್ಲಿಗೆ ಹೋಗುತ್ತವೆ. ಕರೆದೊಯ್ಯಲು ಬರುವವರಿಗೂ ಯಾವುದು ಅಂತ ಸ್ಪಷ್ಟವಾಗಿ ಹೇಳಿ.

ಇಮಿಗ್ರೇಷನ್‌ನಲ್ಲಿ ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್, ಕಂಪನಿಯ ಆಮಂತ್ರಣ ಪತ್ರ ಕೈಯಲ್ಲಿರಲಿ. ಕಾಗದದ ಮೇಲೆ, ಫೋನಿನಲ್ಲಷ್ಟೇ ಅಲ್ಲ. ಹೊರಗೆ ಬಂದಮೇಲೆ ಎಐಎಸ್ ಅಥವಾ ಟ್ರೂ ಕೌಂಟರಿನಲ್ಲಿ ಪಾಸ್‌ಪೋರ್ಟ್ ಕೊಟ್ಟು ಸಿಮ್ ತಗೊಳ್ಳಿ. ಭಾರತದ ಸಿಮ್ ಇನ್ನೊಂದು ಸ್ಲಾಟ್‌ನಲ್ಲಿ ಇರಲಿ, ಓಟಿಪಿ ಬರಬೇಕಲ್ಲ.

ಒಂದು ಬಾತ್‌ಗೆ ಲೆಕ್ಕಕ್ಕೆ ಮೂರು ರೂಪಾಯಿ ಇಟ್ಟುಕೊಳ್ಳಿ, ಚೂರು ಹೆಚ್ಚೇ ಆಗುತ್ತೆ, ಬಜೆಟ್‌ಗೆ ಒಳ್ಳೆಯದು. ಎಟಿಎಂನಲ್ಲಿ ವಿದೇಶಿ ಕಾರ್ಡಿಗೆ ಪ್ರತಿ ಸಲ 220 ಬಾತ್ ಅಥವಾ ಅದಕ್ಕೂ ಜಾಸ್ತಿ ಶುಲ್ಕ ಕೀಳುತ್ತಾರೆ. ಹಾಗಾಗಿ ಸಣ್ಣ ಸಣ್ಣ ಮೊತ್ತ ತೆಗೆಯಬೇಡಿ. ಮಷೀನ್ "ರೂಪಾಯಿಯಲ್ಲಿ ಲೆಕ್ಕ ಹಾಕಲಾ, ಬಾತ್‌ನಲ್ಲಾ" ಅಂತ ಕೇಳಿದರೆ ಬಾತ್ ಒತ್ತಿ. ರೂಪಾಯಿ ಒತ್ತಿದರೆ ಅವರದ್ದೇ ದುಬಾರಿ ರೇಟು.

ಊರಿಗೆ ಹೋಗಲು ಎರಡು ದಾರಿ. ಸುವರ್ಣಭೂಮಿಯ ಕೆಳಗಿಂದಲೇ ಏರ್‌ಪೋರ್ಟ್ ರೈಲ್ ಲಿಂಕ್ ಹೊರಡುತ್ತೆ, ಫಾಯಾ ಥಾಯ್‌ವರೆಗೆ ಅರ್ಧ ಗಂಟೆಯೊಳಗೆ, 45 ಬಾತ್. ಅಲ್ಲಿ ಬಿಟಿಎಸ್ ಹತ್ತಬಹುದು. ಅಸೋಕ್ ಕಡೆಗಾದರೆ ಮಕ್ಕಾಸನ್‌ನಲ್ಲಿ ಇಳಿದು ಎಂಆರ್‌ಟಿ ಹಿಡಿಯಿರಿ. ಸೂಟ್‌ಕೇಸು ದೊಡ್ಡದಿದ್ದರೆ ಟ್ಯಾಕ್ಸಿಯೇ ಸರಿ. ನೆಲಮಹಡಿಯಲ್ಲಿ ಯಂತ್ರದಿಂದ ಚೀಟಿ ತಗೊಂಡು, ಅದರಲ್ಲಿರುವ ನಂಬರಿನ ಲೇನ್‌ಗೆ ಹೋಗಿ. ಮೀಟರ್ ಹಣ, 50 ಬಾತ್ ಏರ್‌ಪೋರ್ಟ್ ಶುಲ್ಕ, ಟೋಲ್ ಬೇರೆ. ಆ ಚೀಟಿಯನ್ನು ಡ್ರೈವರ್‌ಗೆ ಕೊಟ್ಟುಬಿಡಬೇಡಿ. ಗಾಡಿ ನಂಬರ್ ಇರುವುದು ಅದರಲ್ಲೇ, ಸಾಮಾನು ಮರೆತರೆ ಅದೇ ದಿಕ್ಕು.

6. ಊರೊಳಗೆ ಓಡಾಟ

ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ದಿನಕ್ಕೆ ಎರಡು ಮೀಟಿಂಗ್. ಮೂರನೆಯದು ಇಡಲೇಬೇಕಾದರೆ ಅದೇ ರೈಲು ಮಾರ್ಗದಲ್ಲಿರಲಿ. ಬಾಸ್ ಇಲ್ಲಿ ಕೂತು "ಎಂಟು ಕಿಲೋಮೀಟರ್ ತಾನೇ" ಅನ್ನುತ್ತಾರೆ. ಸಂಜೆ ಐದಕ್ಕೆ ಮಳೆಯಲ್ಲಿ ಆ ಎಂಟು ಕಿಲೋಮೀಟರಿಗೆ ಒಂದೂವರೆ ಗಂಟೆ ಹಿಡಿದರೆ ಆಶ್ಚರ್ಯವಿಲ್ಲ.

ಎಂಆರ್‌ಟಿ ಬ್ಲೂ ಲೈನ್ ಗೇಟಿನಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ನೇರವಾಗಿ ಟ್ಯಾಪ್ ಮಾಡಿ ಒಳಹೋಗಬಹುದು. ಬಿಟಿಎಸ್‌ಗೆ ರ‍್ಯಾಬಿಟ್ ಅನ್ನುವ, ಮೊದಲೇ ದುಡ್ಡು ತುಂಬಿಸುವ ಕಾರ್ಡ್ ಮಾಡಿಸಿಕೊಳ್ಳಿ, ಪಾಸ್‌ಪೋರ್ಟ್ ಕೇಳುತ್ತಾರೆ. ಸ್ಟೇಷನ್‌ನಿಂದ ಸೊಯಿ ಒಳಗೆ ಒಂದು ಕಿಲೋಮೀಟರ್ ಹೋಗಬೇಕು ಅಂದರೆ ಮೂಲೆಯಲ್ಲಿ ಕಿತ್ತಳೆ ಜಾಕೆಟ್ ತೊಟ್ಟ ಬೈಕ್ ಟ್ಯಾಕ್ಸಿಯವರು ಇರುತ್ತಾರೆ. ಹೆಲ್ಮೆಟ್ ಕೇಳಿ ಹಾಕಿಕೊಳ್ಳಿ. ಟುಕ್‌ಟುಕ್ ಕೆಲಸದ ಗಾಡಿಯಲ್ಲ, ಮೀಟರ್ ಇಲ್ಲ, ಎಸಿ ಇಲ್ಲ, ಬೆವರಿಳಿಸಿಕೊಂಡು ಮೀಟಿಂಗ್‌ಗೆ ಹೋಗಬೇಕಾಗುತ್ತೆ. ಬೀದಿಯಲ್ಲಿ ಟ್ಯಾಕ್ಸಿ ಹಿಡಿದರೆ ಮೀಟರ್ ಹಾಕಿಸಿ, ಅದು 35 ಬಾತ್‌ನಿಂದ ಶುರು. ಹಾಕಲ್ಲ ಅಂದರೆ ಇಳಿದುಬಿಡಿ. ಹೋಗಬೇಕಾದ ಜಾಗದ ವಿಳಾಸ ಥಾಯ್ ಲಿಪಿಯಲ್ಲಿ ಫೋನಿನಲ್ಲಿರಲಿ. ಅಲ್ಲಿನ ಕಂಪನಿಯವರ ಹತ್ತಿರ ಲೈನ್‌ನಲ್ಲಿ ತರಿಸಿಕೊಳ್ಳಿ, ನಮ್ಮ ಉಚ್ಚಾರಣೆ ಡ್ರೈವರ್‌ಗಳಿಗೆ ಅರ್ಥವಾಗುವುದು ಅಪರೂಪ.

ಬೆಳಿಗ್ಗೆ ಎಂಟಕ್ಕೆ ಸ್ಟೇಷನ್‌ನಲ್ಲಿದ್ದರೆ ಒಂದು ದೃಶ್ಯ ನೋಡುತ್ತೀರಿ. ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ಶುರುವಾಗುತ್ತೆ. ಗೇಟಿನ ಕಡೆ ಓಡುತ್ತಿದ್ದವರು, ಕಾಫಿ ಹಿಡಿದವರು, ಫೋನ್ ನೋಡುತ್ತಿದ್ದವರು, ಎಲ್ಲರೂ ಇದ್ದಲ್ಲೇ ನಿಲ್ಲುತ್ತಾರೆ. ಮುಗಿದ ತಕ್ಷಣ ಮತ್ತೆ ಓಟ. ನೀವೂ ನಿಲ್ಲಿ. ಸಂಜೆ ಆರಕ್ಕೂ ಹೀಗೇ.

ದೊಡ್ಡ ಕಚೇರಿ ಕಟ್ಟಡಗಳಲ್ಲಿ ಕೆಳಗೆ ಗುರುತಿನ ಚೀಟಿ ತೋರಿಸಿ ಪಾಸ್ ತಗೊಳ್ಳಬೇಕು, ಲಿಫ್ಟಿಗೂ ಸಾಲು. ಹದಿನೈದು ನಿಮಿಷ ಅದಕ್ಕೇ ಇಡಿ.

7. ಮೀಟಿಂಗ್ ರೂಮಿನಲ್ಲಿ

ಕೈ ಜೋಡಿಸಿ ನಮಸ್ಕರಿಸುವುದು ಅಲ್ಲೂ ಇದೆ, ವಾಯ್ ಅನ್ನುತ್ತಾರೆ. ಜೊತೆಗೆ "ಸವಾಸ್‌ದೀ" ಅನ್ನುತ್ತಾರೆ. ಗಂಡಸರು ಕೊನೆಗೆ "ಖ್ರಾಪ್" ಸೇರಿಸಬೇಕು, ಹೆಂಗಸರು "ಖಾ". ದೊಡ್ಡವರಿಗೆ ಕೈ ಸ್ವಲ್ಪ ಮೇಲೆತ್ತಿ, ತಲೆ ಸ್ವಲ್ಪ ಬಗ್ಗಿಸಿ. ಶೇಕ್‌ಹ್ಯಾಂಡ್‌ಗೆ ಕೈ ಚಾಚಿದರೆ ಕೈ ಕೊಡಿ, ಅದೂ ನಡೆಯುತ್ತೆ.

ಕರೆಯುವುದು "ಖುನ್" ಮತ್ತು ಮೊದಲ ಹೆಸರು. ಗಂಡಸರಿಗೂ ಹೆಂಗಸರಿಗೂ ಖುನ್. ಮನೆತನದ ಹೆಸರು ಉದ್ದ ಇರುತ್ತೆ, ಅವರೇ ಬಳಸಲ್ಲ. ಎಲ್ಲರಿಗೂ ಒಂದು ಅಡ್ಡಹೆಸರಿರುತ್ತೆ. ಐಸ್, ನಟ್, ಬೀರ್, ಹೀಗೆ. ಇಮೇಲ್‌ನಲ್ಲಿ ಇಪ್ಪತ್ತು ಅಕ್ಷರದ ಹೆಸರಿದ್ದ ಮ್ಯಾನೇಜರ್ ಎದುರಿಗೆ ಬಂದು "ಐಯಾಮ್ ಬೀರ್" ಅಂದರೆ ನಗಬೇಡಿ. ನಿಮ್ಮ ವಿಸಿಟಿಂಗ್ ಕಾರ್ಡಿನಲ್ಲೂ ಕರೆಯುವ ಹೆಸರು ಎದ್ದು ಕಾಣಲಿ. ಕಾರ್ಡನ್ನು ಎರಡೂ ಕೈಯಲ್ಲಿ ಕೊಡಿ. ಅವರದ್ದನ್ನು ತಗೊಂಡು ಒಂದು ಕ್ಷಣ ಓದಿ, ಮೇಜಿನ ಮೇಲಿಡಿ. ಹಿಂದಿನ ಜೇಬಿಗೆ ತುರುಕಬೇಡಿ.

ಮೊದಲ ಹತ್ತು ಹದಿನೈದು ನಿಮಿಷ ಕೆಲಸದ ಮಾತೇ ಬರಲ್ಲ. ಪ್ರಯಾಣ ಹೇಗಿತ್ತು, ಥಾಯ್ ಊಟ ಹಿಡಿಸಿತಾ, ಖಾರ ತಡೀತೀರಾ. ನಮ್ಮವರು ಇಲ್ಲಿ ಚಡಪಡಿಸಿ ಲ್ಯಾಪ್‌ಟಾಪ್ ತೆರೆಯುತ್ತಾರೆ. ತಾಳಿ. ನೀವು ಎಂಥ ಮನುಷ್ಯ ಅಂತ ಅವರು ತೂಗಿ ನೋಡುತ್ತಿರುವುದು ಆಗಲೇ.

ಮೇಜಿನ ಆಚೆ ಬದಿಯಲ್ಲಿ ಯಾರು ಮಾತಾಡುತ್ತಿದ್ದಾರೆ ಅನ್ನುವುದಕ್ಕಿಂತ ಯಾರ ಮುಖ ನೋಡಿ ಮಾತಾಡುತ್ತಿದ್ದಾರೆ ಅನ್ನುವುದನ್ನು ಗಮನಿಸಿ. ಇಂಗ್ಲಿಷ್ ಚೆನ್ನಾಗಿ ಬರುವುದು ಸಾಮಾನ್ಯವಾಗಿ ಕಿರಿಯರಿಗೆ. ನಿರ್ಧಾರ ಮಾಡುವುದು ಸುಮ್ಮನೆ ಕೂತ ಹಿರಿಯರು. ಮಾತು ಕಿರಿಯರ ಜೊತೆ ನಡೆದರೂ ನಿಮ್ಮ ನೋಟ, ಗೌರವ ಹಿರಿಯರ ಕಡೆಗೂ ಇರಲಿ.

ಮುಖ್ಯವಾದದ್ದು ಈಗ. ಮುಖಕ್ಕೆ ಹೊಡೆದಂತೆ "ಇಲ್ಲ" ಅನ್ನುವುದು ಅವರಿಗೆ ಬರಲ್ಲ. ನಿಮಗೆ ಮುಜುಗರ ಮಾಡಬಾರದು ಅಂತ "ಯೆಸ್" ಅನ್ನುತ್ತಾರೆ. ಆ ಯೆಸ್‌ಗೆ "ಕೇಳಿಸಿಕೊಂಡೆ" ಅಂತಷ್ಟೇ ಅರ್ಥ ಇರಬಹುದು. ಹಾಗಾಗಿ ಹೌದು–ಇಲ್ಲ ಅಂತ ಉತ್ತರ ಬರುವ ಪ್ರಶ್ನೆ ಕೇಳಲೇಬೇಡಿ. "ಈ ರೇಟ್ ಓಕೆನಾ?" ಅಂದರೆ "ಯೆಸ್" ಬರುತ್ತೆ, ನೀವು ಖುಷಿಯಾಗಿ ಊರಿಗೆ ಬರುತ್ತೀರಿ, ಆಮೇಲೆ ಆರ್ಡರ್ ಬರಲ್ಲ. ಬದಲಿಗೆ ಹೀಗೆ ಕೇಳಿ: "ಈ ರೇಟಿನಲ್ಲಿ ಮೊದಲ ಆರ್ಡರ್ ಎಷ್ಟು ಪೀಸ್ ಇರಬಹುದು?" "ನಮ್ಮ ಕೊಟೇಷನ್ ಇನ್ನೂ ಯಾರು ಯಾರು ನೋಡಬೇಕು?" "ಸ್ಯಾಂಪಲ್ ಯಾವ ವಾರ ಕಳಿಸಿದರೆ ನಿಮಗೆ ಅನುಕೂಲ?" ಇದಕ್ಕೆ ಒಂದು ಸಂಖ್ಯೆ, ಒಂದು ಹೆಸರು, ಒಂದು ವಾರ ಬಂದರೆ ವಿಷಯ ಮುಂದೆ ಹೋಗುತ್ತಿದೆ. "ನೋಡೋಣ", "ಸ್ವಲ್ಪ ಕಷ್ಟ", ಒಂದು ನಗು, ಮಾತು ಬೇರೆ ಕಡೆ ಹೊರಳಿತು ಅಂದರೆ ಅದು ಇಲ್ಲ. ಅಲ್ಲಿಗೇ ಒತ್ತಬೇಡಿ. ಊಟದ ಹೊತ್ತಿಗೆ ಆ ಕಿರಿಯ ಮ್ಯಾನೇಜರ್ ಪಕ್ಕ ಕೂತಾಗ ಮೆಲ್ಲಗೆ ಕೇಳಿ, ತೊಡಕು ಎಲ್ಲಿದೆ ಅಂತ ಆಗ ಹೇಳುತ್ತಾರೆ.

ಇದೇ ತೊಂದರೆ ಅವರಿಗೂ ನಮ್ಮಿಂದ ಆಗುತ್ತೆ. ನಾವು ಹೌದು ಅನ್ನಲೂ, ಇರಬಹುದು ಅನ್ನಲೂ, ಕೇಳ್ತಿದ್ದೀನಿ ಹೇಳಿ ಅನ್ನಲೂ ತಲೆಯನ್ನು ಅಡ್ಡಡ್ಡ ಆಡಿಸುತ್ತೇವಲ್ಲ, ಅವರಿಗೆ ಅದು ಇಲ್ಲ ಅಂದ ಹಾಗೆ ಕಾಣುತ್ತೆ. ಬಾಯಿಬಿಟ್ಟು ಹೇಳಿ.

ದನಿ ಏರಿಸಬೇಡಿ. ಡೆಲಿವರಿ ತಡವಾಗಿದೆ, ತಪ್ಪು ಅವರದ್ದೇ, ಆದರೂ ನಾಲ್ಕು ಜನರೆದುರು ಯಾರನ್ನಾದರೂ ತರಾಟೆಗೆ ತಗೊಂಡರೆ ಆ ಸಂಬಂಧ ಮುಗಿದ ಹಾಗೆ. ಹೊರಗೆ ಕರೆದು, ನಗುಮುಖದಿಂದ, ಒಬ್ಬರಿಗೇ ಹೇಳಿ.

ಕಾಗದ ಓದುವಾಗ ವರ್ಷ ನೋಡಿ ಗಾಬರಿಯಾಗಬೇಡಿ. ಥಾಯ್ ದಾಖಲೆಗಳಲ್ಲಿ ಬೌದ್ಧ ಶಕೆ ಬಳಸುತ್ತಾರೆ, ನಮ್ಮ ವರ್ಷಕ್ಕೆ 543 ಕೂಡಿಸಬೇಕು. 2026 ಅಲ್ಲಿ 2569. ಒಪ್ಪಂದದಲ್ಲಿ ಯಾವ ಲೆಕ್ಕ ಅಂತ ಸ್ಪಷ್ಟ ಮಾಡಿಕೊಳ್ಳಿ. "30/6/69" ಅಂತಿದ್ದರೆ ಗೊಂದಲ ಖಂಡಿತ.

ರಾಜಮನೆತನದ ಬಗ್ಗೆ ಮಾತೇ ಬೇಡ, ತಮಾಷೆಗೂ. ಅವಮಾನಕ್ಕೆ ಒಂದೊಂದು ಆರೋಪಕ್ಕೂ 3ರಿಂದ 15 ವರ್ಷ ಜೈಲು ಶಿಕ್ಷೆ ಇರುವ ಕಾನೂನು ಅದು. ನೋಟಿನ ಮೇಲೂ ರಾಜರ ಚಿತ್ರವಿದೆ, ಗಾಳಿಗೆ ಹಾರಿದ ನೋಟನ್ನು ಕಾಲಲ್ಲಿ ಒತ್ತಿ ಹಿಡಿಯಬೇಡಿ.

8. ಊಟ, ಅದರಲ್ಲೂ ಸಸ್ಯಾಹಾರಿಗಳದ್ದು

ಮಾಂಸ ತಿನ್ನುವವರಿಗೆ ಬ್ಯಾಂಕಾಕ್ ಹಬ್ಬ, ಅವರಿಗೆ ನಾನು ಹೇಳುವುದೇನಿಲ್ಲ. ಊಟಕ್ಕೆ ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಫೋರ್ಕ್. ಫೋರ್ಕ್ ಇರುವುದು ಅನ್ನವನ್ನು ಚಮಚಕ್ಕೆ ತಳ್ಳಲು. ತಟ್ಟೆಗಳು ಮಧ್ಯದಲ್ಲಿರುತ್ತವೆ, ಸ್ವಲ್ಪ ಸ್ವಲ್ಪ ಬಡಿಸಿಕೊಳ್ಳಿ. ಬಿಲ್ಲು ಸಾಮಾನ್ಯವಾಗಿ ಕರೆದವರು, ಹಿರಿಯರು ಕೊಡುತ್ತಾರೆ. ಜಗಳ ಮಾಡಿ ಕಿತ್ತುಕೊಳ್ಳಬೇಡಿ.

ಸಸ್ಯಾಹಾರಿಗಳಿಗೆ ತೊಂದರೆ ತರಕಾರಿಯದ್ದಲ್ಲ, ಅದರೊಳಗೆ ಸೇರಿದ್ದರದ್ದು. ಬರೀ ಸೊಪ್ಪಿನ ಪಲ್ಯ ಅಂತ ಬಂದದ್ದರಲ್ಲೂ ನಾಮ್ ಪ್ಲಾ ಅನ್ನುವ ಮೀನಿನ ಸಾಸ್, ನಾಮ್ ಮನ್ ಹೋಯ್ ಅನ್ನುವ ಸಿಂಪಿಯ ಸಾಸ್ ಇರುತ್ತೆ. ಸೋಮ್ ತಮ್ ಅನ್ನುವ ಪರಂಗಿಕಾಯಿ ಸಲಾಡಿನಲ್ಲಿ ಒಣ ಸಿಗಡಿ. ಕೆಂಪು, ಹಸಿರು ಕರಿಗಳ ಮಸಾಲೆಯಲ್ಲೇ ಸಿಗಡಿ ಪೇಸ್ಟು. "ನೋ ಮೀಟ್" ಅಂದರೆ ಇದ್ಯಾವುದೂ ತಪ್ಪಲ್ಲ. "ಕಿನ್ ಜೇ" ಅನ್ನಿ. ಜೇ ಅಂದರೆ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲದ, ಬೆಳ್ಳುಳ್ಳಿ ಈರುಳ್ಳಿಯೂ ಹಾಕದ ಅಡುಗೆ. ಅಂಗಡಿಯ ಮುಂದೆ ಹಳದಿ ಬಾವುಟ, ಅದರ ಮೇಲೆ ಕೆಂಪು ಅಕ್ಷರ ಕಂಡರೆ ಅಲ್ಲಿ ಜೇ ಊಟ ಸಿಗುತ್ತೆ. ಡಿನ್ನರ್‌ಗೆ ಕರೆದವರಿಗೆ ಎರಡು ದಿನ ಮುಂಚೆ ಲೈನ್‌ನಲ್ಲಿ ಬರೆದುಬಿಡಿ: ಮೀನಿನ ಸಾಸ್ ಬೇಡ, ಮೊಟ್ಟೆ ಪರವಾಗಿಲ್ಲ ಅಥವಾ ಅದೂ ಬೇಡ. ಅಲ್ಲಿಗೆ ಹೋದಮೇಲೆ ಹೇಳಿದರೆ ಅವರಿಗೆ ಪೇಚಾಟ, ನಿಮಗೆ ಬರೀ ಅನ್ನ.

ಬೀದಿಯಲ್ಲಿ ಖನೋಮ್ ಕ್ರೋಕ್ ಹುಡುಕಿ. ಕುಳಿಗಳಿರುವ ದಪ್ಪ ಕಾವಲಿ, ಥೇಟ್ ನಮ್ಮ ಪಡ್ಡಿನ ಹೆಂಚೇ. ಅಕ್ಕಿಹಿಟ್ಟು, ತೆಂಗಿನ ಹಾಲು ಹುಯ್ದು ಮುಚ್ಚುತ್ತಾರೆ. ತಳ ಗರಿಗರಿ, ಮೇಲೆ ಇನ್ನೂ ಅರ್ಧ ನೀರುನೀರು, ಎರಡು ಅರ್ಧಗಳನ್ನು ಒಂದರ ಮೇಲೊಂದು ಕೂರಿಸಿ ಬಾಳೆಲೆಯ ದೊನ್ನೆಯಲ್ಲೋ ಡಬ್ಬಿಯಲ್ಲೋ ಕೊಡುತ್ತಾರೆ. ಒಳಗೆ ಕೆಂಡದಂಥ ಬಿಸಿ, ಬಾಯಿ ಸುಟ್ಟುಕೊಳ್ಳಬೇಡಿ. ಮಾವಿನಹಣ್ಣು–ಅಂಟು ಅನ್ನವೂ ನಿಶ್ಚಿಂತೆ. ರಾತ್ರಿ ಹನ್ನೆರಡಕ್ಕೂ ತೆರೆದಿರುವ ಸೆವೆನ್-ಇಲೆವೆನ್‌ನಲ್ಲಿ ಒಂದೊಂದೇ ಕವರ್ ಹಾಕಿದ ಬಾಳೆಹಣ್ಣು, ಮೊಸರು, ಸೋಯಾ ಹಾಲು ಸಿಗುತ್ತೆ. ಸಾರು ಅನ್ನಕ್ಕೆ ಜೀವ ಹಪಹಪಿಸಿದರೆ ಸಿಲೋಮ್ ರಸ್ತೆಯ ಮಾರಿಯಮ್ಮನ್ ದೇವಸ್ಥಾನದ ಆಸುಪಾಸು, ಸುಖುಮ್‌ವಿತ್‌ನ ಆರಂಭದ ಸೊಯಿಗಳು, ಫಾಹುರತ್ ಕಡೆ ಭಾರತೀಯ ಹೋಟೆಲ್‌ಗಳಿವೆ. ನಲ್ಲಿ ನೀರು ಕುಡಿಯಬೇಡಿ.

9. ಸಂಜೆಯ ಎಚ್ಚರ

"ಅರಮನೆ ಇವತ್ತು ಮುಚ್ಚಿದೆ, ಬೇರೆ ಕಡೆ ಕರ್ಕೊಂಡು ಹೋಗ್ತೀನಿ" ಅನ್ನುವವರು ಒಡವೆ ಅಂಗಡಿಗೆ ಒಯ್ಯುತ್ತಾರೆ. ಪಾಟ್‌ಪಾಂಗ್ ಅನ್ನುವ ರಾತ್ರಿ ಬಾರ್‌ಗಳ ಬೀದಿಯ ಮಹಡಿ ಬಾರ್‌ಗಳಲ್ಲಿ "ಬರೀ ನೂರು ಬಾತ್ ಬಿಯರ್" ಅಂದಿದ್ದು ಬಿಲ್ಲಿನಲ್ಲಿ ಸಾವಿರಗಟ್ಟಲೆ ಆಗುತ್ತೆ. ಗಲಾಟೆಯಾದರೆ ಪ್ರವಾಸಿ ಪೊಲೀಸ್ 1155, ಇಂಗ್ಲಿಷ್‌ನಲ್ಲಿ ಮಾತಾಡುತ್ತಾರೆ. ಆಂಬುಲೆನ್ಸ್ 1669. ಪಾಸ್‌ಪೋರ್ಟ್ ಕಳೆದರೆ ಪೊಲೀಸ್ ದೂರು ಮಾಡಿಸಿ ಭಾರತೀಯ ರಾಯಭಾರ ಕಚೇರಿಗೆ ಹೋಗಿ. ಅದು ಸುಖುಮ್‌ವಿತ್ ಸೊಯಿ 23ರಲ್ಲಿದೆ, ಅಸೋಕ್‌ನಿಂದ ನಡೆದೇ ಹೋಗಬಹುದು.

10. ವಾಪಸ್

ಬ್ಯಾಂಕಾಕ್‌ನಿಂದ ಬರುವ ವಿಮಾನಗಳ ಮೇಲೆ ಬೆಂಗಳೂರಿನ ಕಸ್ಟಮ್ಸ್‌ನವರ ಕಣ್ಣು ಸದಾ ಇರುತ್ತೆ. ಚಿನ್ನ, ಹೈಡ್ರೋಪೋನಿಕ್ ಗಾಂಜಾ ಪದೇ ಪದೇ ಸಿಕ್ಕಿದೆ. 2024ರ ಏಪ್ರಿಲ್‌ನಲ್ಲಿ ಒಬ್ಬರ ಬ್ಯಾಗಿನಲ್ಲಿ ಹತ್ತು ಹಳದಿ ಅನಕೊಂಡ ಸಿಕ್ಕಿತ್ತು! ಅಲ್ಲಿ ಗಾಂಜಾ ಅಂಗಡಿಗಳು ರಾಜಾರೋಷವಾಗಿ ಕಾಣುತ್ತವೆ ಅಂತ ಯಾಮಾರಬೇಡಿ, ಇಲ್ಲಿ ಇಳಿದರೆ ನೇರ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆ. ಏರ್‌ಪೋರ್ಟಿನಲ್ಲಿ "ಅಣ್ಣಾ, ನಮ್ಮ ಲಗೇಜ್ ಜಾಸ್ತಿ ಆಯ್ತು, ಈ ಒಂದು ಬ್ಯಾಗ್ ನಿಮ್ಮ ಹೆಸರಲ್ಲಿ ಹಾಕ್ತೀರಾ" ಅಂತ ಕನ್ನಡದಲ್ಲೇ ಕೇಳಿದರೂ ಒಪ್ಪಬೇಡಿ.

ಸುವರ್ಣಭೂಮಿಗೆ ಮೂರು ಗಂಟೆ ಮುಂಚೆ ಹೋಗಿ. ಕೆಲವು ವಿಮಾನಗಳು ಸ್ಯಾಟಲೈಟ್ ಟರ್ಮಿನಲ್‌ನಿಂದ ಹೊರಡುತ್ತವೆ. ಇಮಿಗ್ರೇಷನ್ ಮುಗಿಸಿ ನೆಲದಡಿಯ ಚಿಕ್ಕ ರೈಲಿನಲ್ಲಿ ಅಲ್ಲಿಗೆ ಹೋಗಬೇಕು, ಡ್ಯೂಟಿ ಫ್ರೀಯಲ್ಲಿ ಮೈಮರೆತರೆ ಓಡಬೇಕಾಗುತ್ತೆ.

ಗೇಟಿನಲ್ಲಿ ಕೂತಾಗ ಎರಡು ಕೆಲಸ ಮುಗಿಸಿ. ಬಿಲ್ಲುಗಳ ಫೋಟೋ ತೆಗೆಯಿರಿ. ಥರ್ಮಲ್ ಕಾಗದದ ಅಕ್ಷರ ನಿಮ್ಮ ಅಕೌಂಟ್ಸ್ ವಿಭಾಗ ನೋಡುವ ಹೊತ್ತಿಗೆ ಅಳಿಸಿರುತ್ತೆ. ಆಮೇಲೆ ಪ್ರತಿ ಮೀಟಿಂಗ್‌ಗೂ ಲೈನ್‌ನಲ್ಲಿ ಒಂದು ಧನ್ಯವಾದ, ಇಮೇಲ್‌ನಲ್ಲಿ ಒಂದು ಪುಟ: ಏನು ಮಾತಾಯಿತು, ಯಾರು ಏನು ಕಳಿಸಬೇಕು, ಯಾವ ತಾರೀಖಿಗೆ. ತಾರೀಖನ್ನು ನೀವೇ ಹಾಕಿ, "ಇದು ಸರಿಯಿಲ್ಲದಿದ್ದರೆ ತಿದ್ದಿ" ಅಂತ ಬರೆಯಿರಿ. ಎದುರಿಗೆ ಇಲ್ಲ ಅನ್ನಲಾಗದವರು ಬರವಣಿಗೆಯಲ್ಲಿ ಆರಾಮಾಗಿ ತಿದ್ದುತ್ತಾರೆ. ಒಂದು ವಾರ ಉತ್ತರ ಬರಲಿಲ್ಲ ಅಂದರೆ ಹಿರಿಯರಿಗೆ ಫೋನ್ ಮಾಡಬೇಡಿ, ಆ ಕಿರಿಯ ಮ್ಯಾನೇಜರ್‌ಗೆ ಲೈನ್‌ನಲ್ಲಿ ಒಂದು ಸ್ಟಿಕರ್ ಕಳಿಸಿ ವಿಚಾರಿಸಿ.